ಲಿಟ್ಲ್ ಇಟಲಿಯ ಸುಳ್ಳು ಪಾಠ

ವಲಸೆಯ ಬಗ್ಗೆ ವಾಗ್ವಾದ ಎಲ್ಲೇ ಎದ್ದರೂ, ಅಮೆರಿಕದ ಚುನಾವಣಾ ಸಭೆಯಲ್ಲಾಗಲಿ ಯುರೋಪಿನ ಸಂಸತ್ತುಗಳಲ್ಲಾಗಲಿ, ಒಂದು ಹೋಲಿಕೆ ತಪ್ಪದೆ ಬರುತ್ತದೆ. ಹಿಂದೆ ಬಂದವರು ಹೀಗಿರಲಿಲ್ಲ, ಬೇಕಾದರೆ ಇಟಲಿಯವರನ್ನು ನೋಡಿ, ಎನ್ನುತ್ತಾರೆ. ಬರಿಗೈಯಲ್ಲಿ ಬಂದರು, ಕಾನೂನುಬದ್ಧವಾಗಿಯೇ ಬಂದರು, ಮೈಮುರಿದು ದುಡಿದರು, ಸರ್ಕಾರದ ಮುಂದೆ ಕೈಯೊಡ್ಡಲಿಲ್ಲ, ಒಂದು ತಲೆಮಾರು ಕಳೆಯುವಷ್ಟರಲ್ಲಿ ಆ ನೆಲದ ಭಾಷೆ ಕಲಿತು ಆ ನೆಲದವರೇ ಆಗಿಬಿಟ್ಟರು; ಈಗ ಬರುವವರು ಮಾತ್ರ ತಮ್ಮ ಕೇರಿ ಬಿಟ್ಟು ಹೊರಬರುವುದಿಲ್ಲ, ಯಾರೊಂದಿಗೂ ಬೆರೆಯುವುದಿಲ್ಲ ಎಂಬುದು ವಾದ. ನ್ಯೂಯಾರ್ಕಿನ ಮಲ್ಬರಿ ಸ್ಟ್ರೀಟ್, ಬಾಸ್ಟನ್ನಿನ ನಾರ್ತ್ ಎಂಡ್, ಮೆಲ್ಬರ್ನಿನ ಲೈಗನ್ ಸ್ಟ್ರೀಟ್ ಇದಕ್ಕೆ ಸಾಕ್ಷಿಗಳಾಗಿ ನಿಲ್ಲುತ್ತವೆ. ಚೌಕುಳಿ ಮೇಜುಬಟ್ಟೆಯ ಹೋಟೆಲುಗಳು, ಸಾನ್ ಜೆನ್ನಾರೊ ಉತ್ಸವ, ಕಾಫಿಯ ಘಮ ತುಂಬಿದ ಈ ಬೀದಿಗಳು ಇಂದು ಯಾರಲ್ಲೂ ಭಯ ಹುಟ್ಟಿಸುವುದಿಲ್ಲ. ಅವು ಯಾವತ್ತೂ ಹಾಗೇ ಇದ್ದವು ಎಂದು ನಂಬುವುದು ಸುಲಭ. ಆ ನಂಬಿಕೆಯ ಮೇಲೆ ಕಟ್ಟಿದ ವಾದ ಇತಿಹಾಸವನ್ನು ತಲೆಕೆಳಗು ಮಾಡಿದೆ. ವಲಸಿಗರ ಒಳ್ಳೆಯ ಗುಣ ನೋಡಿ ಸಮಾಜ ಬಾಗಿಲು ತೆರೆಯಲಿಲ್ಲ. ಬಾಗಿಲು ತೆರೆದ ಮೇಲೆ ಅವರ ಒಳ್ಳೆಯ ಗುಣ ಸಮಾಜದ ಕಣ್ಣಿಗೆ ಬಿತ್ತು. ಜಗತ್ತಿನ ನಾನಾ ನಗರಗಳ ಇಟಾಲಿಯನ್ ಕೇರಿಗಳ ದಾಖಲೆಯನ್ನು ಒಟ್ಟಿಗೆ ಇಟ್ಟು ಓದಿದರೆ ಬೇರೆ ತೀರ್ಮಾನಕ್ಕೆ ಬರುವುದು ಕಷ್ಟ.

ಮೊದಲಿಗೆ, ಅವರು ಬಂದ ಕಾಲದಲ್ಲಿ ಅವರನ್ನು ಹೇಗೆ ಕಂಡರು ಎಂಬುದನ್ನು ನೋಡೋಣ. 1876ರಿಂದ 1915ರವರೆಗೆ ಸುಮಾರು 1 ಕೋಟಿ 40 ಲಕ್ಷ ಜನ ಇಟಲಿ ಬಿಟ್ಟು ಹೊರಟರು. ಇಟಲಿ ಒಂದು ರಾಷ್ಟ್ರವಾಗಿದ್ದೇ 1861ರಲ್ಲಿ. ಹಡಗು ಹತ್ತಿದ ರೈತನಿಗೆ ತಾನು ಇಟಲಿಯವನೆಂಬ ಭಾವನೆಗಿಂತ ತಾನು ಸಿಸಿಲಿಯವನು, ಕಲಾಬ್ರಿಯದವನು, ಇಂಥ ಊರಿನವನು ಎಂಬುದೇ ದೊಡ್ಡದಾಗಿತ್ತು. ನ್ಯೂಯಾರ್ಕಿನಲ್ಲಿ ಮಲ್ಬರಿ ಸ್ಟ್ರೀಟಿನಲ್ಲಿ ನೇಪಲ್ಸ್ ಕಡೆಯವರು, ಹತ್ತಿರದ ಎಲಿಜಬೆತ್ ಸ್ಟ್ರೀಟಿನಲ್ಲಿ ಸಿಸಿಲಿಯವರು ನೆಲೆಸಿದರು. ಒಬ್ಬರ ಮಾತು ಇನ್ನೊಬ್ಬರಿಗೆ ಸರಿಯಾಗಿ ತಿಳಿಯುತ್ತಿರಲಿಲ್ಲ. ಅಮೆರಿಕದ ವಲಸೆ ಇಲಾಖೆ 1899ರಿಂದ ಉತ್ತರ ಇಟಲಿಯವರನ್ನೂ ದಕ್ಷಿಣ ಇಟಲಿಯವರನ್ನೂ ಎರಡು ಬೇರೆ ಜನಾಂಗಗಳೆಂದೇ ಲೆಕ್ಕ ಹಾಕಿತು. ಅಲ್ಲಿನ ಸಂಸತ್ತು ನೇಮಿಸಿದ ಡಿಲ್ಲಿಂಗ್‌ಹ್ಯಾಮ್ ಆಯೋಗ 1911ರಲ್ಲಿ 41 ಸಂಪುಟಗಳ ವರದಿ ಒಪ್ಪಿಸಿತು. ದಕ್ಷಿಣ ಇಟಲಿಯವನು ಉದ್ರೇಕಿ, ಹಿಂದುಮುಂದು ನೋಡದವನು, ಸಂಘಟಿತ ಸಮಾಜಕ್ಕೆ ಒಗ್ಗದವನು ಎಂದು ಅದರಲ್ಲಿ ಅಧಿಕೃತವಾಗಿ ಬರೆಯಲಾಯಿತು. ಇಂದು ಬೇರೆ ದೇಶದವರ ಬಗ್ಗೆ ಆಡುವ ಮಾತುಗಳೆಲ್ಲ, ಒಂದೂ ಬಿಡದಂತೆ, ಅಂದು ಇವರ ಬಗ್ಗೆ ಆಡಿದ ಮಾತುಗಳೇ.

ಮಾತು ಬರೀ ಮಾತಾಗಿ ಉಳಿಯಲಿಲ್ಲ. 1890ರಲ್ಲಿ ನ್ಯೂ ಆರ್ಲಿಯನ್ಸಿನ ಪೊಲೀಸ್ ಮುಖ್ಯಸ್ಥ ಡೇವಿಡ್ ಹೆನ್ನೆಸ್ಸಿಯ ಕೊಲೆಯಾಯಿತು. ಅನುಮಾನ ಸಿಸಿಲಿಯವರ ಮೇಲೆ ಹೋಯಿತು, ವಿಚಾರಣೆ ನಡೆಯಿತು, ನ್ಯಾಯಾಲಯದಲ್ಲಿ ಒಬ್ಬನ ಮೇಲೂ ಅಪರಾಧ ಸಾಬೀತಾಗಲಿಲ್ಲ. ಮರುದಿನ, 1891ರ ಮಾರ್ಚ್ 14ರಂದು, ಸಾವಿರಾರು ಜನ ಜೈಲಿಗೆ ನುಗ್ಗಿ 11 ಮಂದಿ ಇಟಲಿಯವರನ್ನು ಕೊಂದರು. ಸತ್ತವರಲ್ಲಿ ಕೆಲವರ ವಿಚಾರಣೆ ಆರಂಭವೂ ಆಗಿರಲಿಲ್ಲ. ಮುಂದೆ ಅಮೆರಿಕದ ಅಧ್ಯಕ್ಷರಾದ ಥಿಯೊಡೋರ್ ರೂಸ್‌ವೆಲ್ಟ್ ಆಗ ತಮ್ಮ ಅಕ್ಕನಿಗೆ ಬರೆದ ಪತ್ರದಲ್ಲಿ ಆದದ್ದು ಒಳ್ಳೆಯದೇ ಆಯಿತೆಂಬ ಅಭಿಪ್ರಾಯ ಕೊಟ್ಟರು. ಕೊಂದವರಲ್ಲಿ ಯಾರಿಗೂ ಶಿಕ್ಷೆಯಾಗಲಿಲ್ಲ. ಬೀದಿಯ ಈ ದ್ವೇಷಕ್ಕೆ ಮುಂದೆ ಕಾನೂನಿನ ಮುದ್ರೆಯೂ ಬಿತ್ತು. 1907ರಲ್ಲಿ ಒಂದೇ ವರ್ಷ 2 ಲಕ್ಷ 85 ಸಾವಿರ ಇಟಲಿಯವರು ಅಮೆರಿಕಕ್ಕೆ ಬಂದಿದ್ದರು. 1924ರ ವಲಸೆ ಕಾಯ್ದೆ ಇಡೀ ಇಟಲಿಗೆ ವರ್ಷಕ್ಕೆ ಕೊಟ್ಟ ಕೋಟಾ 3,845. ಇವರು ಬೆರೆಯಲಾರರು, ಇವರ ರಕ್ತವೇ ಬೇರೆ ಎಂಬ ನಂಬಿಕೆಯೇ ಆ ಸಂಖ್ಯೆಯ ಹಿಂದಿದ್ದ ತರ್ಕ. ಇಟಲಿಯವರು ಸುಲಭವಾಗಿ ಬೆರೆಯುವ ಜನ ಎಂದು ಇಂದು ಹೇಳುವವರು, ಅಂದಿನ ಶಾಸನಸಭೆ ಅದಕ್ಕೆ ತದ್ವಿರುದ್ಧವಾದುದನ್ನು ನಂಬಿ ಕಾನೂನು ಮಾಡಿತ್ತು ಎಂಬುದನ್ನು ಮರೆಯುತ್ತಾರೆ, ಇಲ್ಲವೇ ಮರೆಮಾಚುತ್ತಾರೆ.

ಇಲ್ಲಿ ಮೊದಲ ಆಕ್ಷೇಪ ಬರುತ್ತದೆ. ಏನೇ ಆದರೂ ಅವರು ಯುರೋಪಿನವರು, ಕ್ರೈಸ್ತರು. ಆಗಿದ್ದ ಜಗಳ ಬರೀ ತಪ್ಪು ತಿಳಿವಳಿಕೆ, ಸಂಸ್ಕೃತಿ ಹತ್ತಿರದ್ದಾದ್ದರಿಂದ ಕೊನೆಗೆ ಬೆರೆತರು. ಇಂದು ಬರುವವರ ಧರ್ಮವೇ ಬೇರೆ, ಆ ಲೆಕ್ಕ ಇವರಿಗೆ ಹೊಂದುವುದಿಲ್ಲ ಎಂಬುದು ಆ ಆಕ್ಷೇಪ. ಸಂಸ್ಕೃತಿಯ ಸಾಮೀಪ್ಯವೇ ಮದ್ದಾಗಿದ್ದರೆ ಫ್ರಾನ್ಸಿನಲ್ಲಿ ಇಟಲಿಯವರ ಕೂದಲೂ ಕೊಂಕಬಾರದಿತ್ತು. ಎರಡೂ ಕಡೆಯವರು ಕ್ಯಾಥೊಲಿಕರು, ಎರಡೂ ಭಾಷೆ ಲ್ಯಾಟಿನ್ ಮೂಲದವು, ನಡುವೆ ಇದ್ದದ್ದು ಒಂದು ಗಡಿ ಅಷ್ಟೇ. ಆದರೂ 1893ರ ಆಗಸ್ಟಿನಲ್ಲಿ ದಕ್ಷಿಣ ಫ್ರಾನ್ಸಿನ ಎಗ್‌ಮೊರ್ತ್ ಎಂಬ ಊರಿನ ಉಪ್ಪಿನ ಆಗರಗಳಲ್ಲಿ ಹಂಗಾಮಿ ಕೂಲಿಗೆ ಬಂದಿದ್ದ ಇಟಲಿಯವರನ್ನು ಗುಂಪು ಕಟ್ಟಿ ಅಟ್ಟಾಡಿಸಿ ಕೊಂದರು. ಸರ್ಕಾರಿ ಲೆಕ್ಕದಲ್ಲೇ ಸತ್ತವರು 8 ಮಂದಿ. ಮೊಕದ್ದಮೆ ನಡೆದು ಆರೋಪಿಗಳೆಲ್ಲ ಬಿಡುಗಡೆಯಾದರು. ಮರುವರ್ಷ ಒಬ್ಬ ಇಟಾಲಿಯನ್ ಅರಾಜಕತಾವಾದಿ ಲಿಯೋನಿನಲ್ಲಿ ಅಧ್ಯಕ್ಷ ಸಾದಿ ಕಾರ್ನೊ ಅವರನ್ನು ಇರಿದು ಕೊಂದಾಗ, ಆ ನಗರದ ಇಟಾಲಿಯನ್ ಅಂಗಡಿಗಳಿಗೆಲ್ಲ ಜನ ನುಗ್ಗಿದರು. ಒಬ್ಬನ ಕೃತ್ಯಕ್ಕೆ ಇಡೀ ಸಮುದಾಯ ದಂಡ ತೆತ್ತಿತು. ಆಸ್ಟ್ರೇಲಿಯದ ಚಿನ್ನದ ಗಣಿಗಳ ಊರಾದ ಕಾಲ್ಗೂರ್ಲಿಯಲ್ಲಿ 1934ರ ಜನವರಿಯಲ್ಲಿ ಇಟಲಿಯವರ ಮತ್ತು ಸ್ಲಾವರ ಮನೆ, ಹೋಟೆಲು, ಅಂಗಡಿಗಳಿಗೆ ಬೆಂಕಿಯಿಟ್ಟರು. ಸಂಸ್ಕೃತಿ ಹತ್ತಿರವೋ ದೂರವೋ ಎಂಬುದನ್ನು ಅಳೆಯುವ ಕೋಲು ಯಾವತ್ತೂ ಆತಿಥೇಯ ಸಮಾಜದ ಕೈಯಲ್ಲಿರುತ್ತದೆ. ಅದಕ್ಕೆ ಬೇಕಾದಾಗ ನೆರೆಯವನೂ ಅನ್ಯನಾಗುತ್ತಾನೆ, ಬೇಡವಾದಾಗ ಹಿಂದಿನ ಅನ್ಯನೂ ನಮ್ಮವನಾಗುತ್ತಾನೆ.

ಒಂದು ತಲೆಮಾರಿನಲ್ಲಿ ಬೆರೆತರು ಎಂಬ ಎರಡನೆಯ ಮಾತಿಗೆ ಬರೋಣ. ಅಮೆರಿಕಕ್ಕೆ ಹೋದ ಇಟಲಿಯವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನ ಅಲ್ಲಿ ನೆಲೆಸಲೇ ಇಲ್ಲ. ನಾಲ್ಕು ಕಾಸು ಕೂಡಿಸಿ ಊರಿನಲ್ಲಿ ತುಂಡು ನೆಲ ಕೊಳ್ಳುವುದು, ಸಾಲ ತೀರಿಸುವುದು, ತಂಗಿಯ ಮದುವೆ ಮಾಡುವುದು ಅವರ ಗುರಿಯಾಗಿತ್ತು. ಈ ಹಣ ಸುರಕ್ಷಿತವಾಗಿ ಊರು ಮುಟ್ಟಲೆಂದು ಇಟಲಿ ಸರ್ಕಾರ 1901ರಲ್ಲಿ ಬಾಂಕೊ ದಿ ನಾಪೊಲಿಯ ಮೂಲಕ ವ್ಯವಸ್ಥೆ ಮಾಡಿತು. ಬಂದ ನೆಲಕ್ಕೆ ನಿಷ್ಠೆಯಿಲ್ಲ, ದುಡಿದದ್ದನ್ನೆಲ್ಲ ಹೊರದೇಶಕ್ಕೆ ಸಾಗಿಸುತ್ತಾರೆ ಎಂಬ ಆಪಾದನೆಯನ್ನು ಇಂದಿನ ವಲಸಿಗರು ಕೇಳುತ್ತಾರಲ್ಲ, ಅದನ್ನು ಮೊದಲು ಹೊತ್ತವರಲ್ಲಿ ಇವರೂ ಸೇರಿದ್ದಾರೆ. ಉಳಿದವರಾದರೂ ಬೇಗ ಪೌರರಾದರೇ? ಎರಡನೆಯ ಮಹಾಯುದ್ಧದಲ್ಲಿ ಇಟಲಿ ಶತ್ರುಪಕ್ಷಕ್ಕೆ ಸೇರಿದಾಗ ಅಮೆರಿಕದಲ್ಲಿ ಸುಮಾರು 6 ಲಕ್ಷ ಮಂದಿ ‘ಶತ್ರು ದೇಶದ ಪ್ರಜೆ’ಗಳೆಂಬ ಪಟ್ಟಿಗೆ ಸೇರಿದರು. ಅವರೆಲ್ಲ ಅಲ್ಲಿ ವರ್ಷಾನುಗಟ್ಟಲೆ ಇದ್ದರೂ ಪೌರತ್ವ ಪಡೆಯದೆ ಉಳಿದಿದ್ದವರು. ಬೇಸ್‌ಬಾಲ್ ತಾರೆ ಜೋ ಡಿಮ್ಯಾಜಿಯೊನ ತಂದೆ ಜುಸೆಪ್ಪೆ ಅವರಲ್ಲೊಬ್ಬ. 19ನೇ ಶತಮಾನದ ಕೊನೆಯಲ್ಲೇ ಸಿಸಿಲಿಯಿಂದ ಬಂದು ಮೀನು ಹಿಡಿದು ಸಂಸಾರ ಸಾಕಿದ್ದ ಆ ಮುದುಕ, ಮಗ ದೇಶದ ಕಣ್ಮಣಿಯಾಗಿದ್ದ ಹೊತ್ತಿನಲ್ಲಿ, ಸ್ಯಾನ್ ಫ್ರಾನ್ಸಿಸ್ಕೊದ ಮೀನುಗಾರರ ಧಕ್ಕೆಗೆ ಕಾಲಿಡುವಂತಿರಲಿಲ್ಲ. ಅನುಮತಿಯಿಲ್ಲದೆ ಮನೆಯಿಂದ 5 ಮೈಲಿ ಆಚೆ ಹೋಗುವಂತಿರಲಿಲ್ಲ. ನಾಲ್ಕು ದಶಕ ಕಳೆದರೂ ಆತ ಆ ದೇಶದ ಪೌರನಾಗಿರಲಿಲ್ಲ. ಈಗಿನ ವಾದಿಗಳ ಅಳತೆಯಲ್ಲಿ ಆತನೂ ಬೆರೆಯದ ವಲಸಿಗನೇ.

ಇದು ಒಬ್ಬಿಬ್ಬರ ಕತೆಯನ್ನು ಹಿಡಿದು ಎಳೆಯುತ್ತಿರುವ ವಾದವಲ್ಲ. ಅರ್ಥಶಾಸ್ತ್ರಜ್ಞರಾದ ರಾನ್ ಅಬ್ರಮಿಟ್ಸ್‌ಕಿ ಮತ್ತು ಲಿಯಾ ಬೂಸ್ಟನ್ ಅಮೆರಿಕದ ಜನಗಣತಿಯ ಲಕ್ಷಾಂತರ ದಾಖಲೆಗಳನ್ನು ತಂದೆಯಿಂದ ಮಗನಿಗೆ, ದಶಕದಿಂದ ದಶಕಕ್ಕೆ ಜೋಡಿಸಿ ನೋಡಿ, 2022ರಲ್ಲಿ ‘ಸ್ಟ್ರೀಟ್ಸ್ ಆಫ್ ಗೋಲ್ಡ್’ ಎಂಬ ಪುಸ್ತಕ ಪ್ರಕಟಿಸಿದರು. ಹಿಂದಿನ ವಲಸಿಗರು ಒಂದೇ ಬದುಕಿನಲ್ಲಿ ಬಡತನದಿಂದ ಸಿರಿತನಕ್ಕೆ ಏರಿದರೆಂಬ ಕತೆಗೆ ದಾಖಲೆಗಳ ಬೆಂಬಲ ಸಿಗಲಿಲ್ಲ. ಕೆಳಗಿನಿಂದ ಆರಂಭಿಸಿದವರು ಬಹುಮಟ್ಟಿಗೆ ಕೆಳಗೇ ಉಳಿದರು. ಮೇಲೇರಿದ್ದು ಅವರ ಮಕ್ಕಳು. ಇಂದಿನ ವಲಸಿಗರ ಮಕ್ಕಳು ಮೇಲೇರುವ ವೇಗವೂ ಅಂದಿನ ಮಕ್ಕಳ ವೇಗವೂ ಹೆಚ್ಚುಕಡಿಮೆ ಒಂದೇ. ಹಿಂದಿನವರು ಬೇಗ ಬೆರೆತರು, ಈಗಿನವರು ನಿಧಾನ ಎಂಬ ಮಾತಿಗೆ ಇದಕ್ಕಿಂತ ನೇರವಾದ ಉತ್ತರ ಬೇಕಿಲ್ಲ.

ದುಡಿಮೆಯ ಬಗ್ಗೆ ನನ್ನ ತಕರಾರಿಲ್ಲ. ಅವರು ದುಡಿದರು, ಅದರಲ್ಲಿ ಎರಡು ಮಾತಿಲ್ಲ. ಆದರೆ ಕೈ ಕೆಸರಾದರೆ ಬಾಯಿ ಮೊಸರು ಎಂಬ ಗಾದೆಯನ್ನು ಈ ಕೇರಿಗಳಿಗೆ ಅಂಟಿಸುವವರು ಕೆಸರಿನ ವರ್ಷಗಳನ್ನು ಎಣಿಸಿ ನೋಡಬೇಕು. ಮುಂಗಡ ಕೊಟ್ಟು ಆಳು ತರುತ್ತಿದ್ದ ಮೇಸ್ತ್ರಿಗಳು ಕೆಲಸ ಕೊಡಿಸಿದ್ದಕ್ಕೆ ಒಂದು ಪಾಲು, ವಸತಿಗೆ ಒಂದು ಪಾಲು, ರೊಟ್ಟಿಗೆ ಒಂದು ಪಾಲು ಹಿಡಿದುಕೊಂಡು ಉಳಿದದ್ದನ್ನು ಕೊಡುತ್ತಿದ್ದರು. ಮಲ್ಬರಿ ಸ್ಟ್ರೀಟಿನ ವಠಾರಗಳಲ್ಲಿ ಗಾಳಿ ಬೆಳಕಿಲ್ಲದ ಕೋಣೆಗಳಲ್ಲೇ ಅಡುಗೆ, ನಿದ್ದೆ, ಕೆಲಸ ಎಲ್ಲ. ಹೆಂಗಸರು ಹೊಲಿಗೆ ಕಾರ್ಖಾನೆಯಿಂದ ತಂದ ಉಡುಪುಗಳಿಗೆ ಕೈಹೊಲಿಗೆ ಹಾಕುತ್ತಿದ್ದರು, ಶಾಲೆಗೆ ಹೋಗಬೇಕಾದ ಮಕ್ಕಳು ಅದೇ ಮೇಜಿನ ಸುತ್ತ ಕುಳಿತು ಬಟ್ಟೆಯ ಹೂಗಳ ಎಸಳು ಅಂಟಿಸುತ್ತಿದ್ದರು. ಲೂಯಿಸ್ ಹೈನ್ ತೆಗೆದ ಛಾಯಾಚಿತ್ರಗಳಲ್ಲಿ ಆ ಮಕ್ಕಳ ಮುಖಗಳಿವೆ. 1911ರ ಮಾರ್ಚ್ 25ರಂದು ಟ್ರಯಾಂಗಲ್ ಉಡುಪು ಕಾರ್ಖಾನೆಗೆ ಬೆಂಕಿ ಬಿದ್ದಾಗ ಹೊರಹೋಗುವ ಬಾಗಿಲಿಗೆ ಬೀಗ ಹಾಕಿತ್ತು. ಸತ್ತ 146 ಮಂದಿಯಲ್ಲಿ ಬಹುಪಾಲು ಯಹೂದಿ ಮತ್ತು ಇಟಾಲಿಯನ್ ಹೆಣ್ಣುಮಕ್ಕಳು. ದೇವರ ಮನೆಯಲ್ಲೂ ಸ್ಥಾನ ಕೆಳಗೇ. ಪೂರ್ವ ಹಾರ್ಲೆಮಿನ 115ನೇ ಬೀದಿಯ ಚರ್ಚನ್ನು ಕಟ್ಟುವಾಗ ಕಲ್ಲು ಮಣ್ಣು ಹೊತ್ತ ಇಟಲಿಯವರು 1919ರವರೆಗೆ ತಮ್ಮ ಮಾತೆಯ ವಿಗ್ರಹವನ್ನು ಅದರ ನೆಲಮಾಳಿಗೆಯಲ್ಲಿಟ್ಟು ಪೂಜಿಸಬೇಕಾಯಿತು. ದುಡಿಮೆಯೊಂದೇ ಏಣಿಯಾಗಿದ್ದರೆ ಇವರು 1900ರಲ್ಲೇ ಮೇಲೇರಬೇಕಿತ್ತು, ಏಕೆಂದರೆ ಅವರು ಮೈಮುರಿದು ದುಡಿದದ್ದು ಆ ಕಾಲದಲ್ಲೇ.

ಹಾಗಾದರೆ ಏನು ಬದಲಾಯಿತು? ಒಂದು, ಕಾರ್ಮಿಕ ಸಂಘ. ಮಹಿಳೆಯರ ಉಡುಪು ಕಾರ್ಮಿಕರ ಸಂಘದ ಭಾಗವಾಗಿ 1919ರಲ್ಲಿ ಲುಯಿಜಿ ಆಂತೊನಿನಿಯ ನೇತೃತ್ವದಲ್ಲಿ ‘ಲೋಕಲ್ 89’ ಎಂಬ ಇಟಾಲಿಯನ್ ಶಾಖೆ ಹುಟ್ಟಿತು. 1930ರ ದಶಕದಲ್ಲಿ ಅದರ ಸದಸ್ಯರು ಸುಮಾರು 40 ಸಾವಿರ. ಅದರ ವ್ಯವಹಾರ ನಡೆದದ್ದು ಇಟಾಲಿಯನ್ನಿನಲ್ಲಿ. ಭಾಷೆ ಬಿಟ್ಟು ಬನ್ನಿ ಎನ್ನದೆ, ನಿಮ್ಮ ಭಾಷೆಯಲ್ಲೇ ಕೂಲಿ ಕೇಳೋಣ ಬನ್ನಿ ಎಂದು ಕರೆದದ್ದರಿಂದ ಆ ಹೆಂಗಸರು ಅಮೆರಿಕದ ಸಾರ್ವಜನಿಕ ಬದುಕಿನೊಳಗೆ ಕಾಲಿಟ್ಟರು. ಇನ್ನೊಂದು, ಶಾಲೆ. ಒಂಬತ್ತು ವರ್ಷದ ಹುಡುಗನಾಗಿ ಬಂದ ಲೆನಾರ್ಡ್ ಕೊವೆಲ್ಲೊ, ಮನೆಯ ಭಾಷೆಗೆ ನಾಚುವಂತೆ ಮಾಡುವ ಶಾಲೆ ಮಕ್ಕಳನ್ನು ಕಳೆದುಕೊಳ್ಳುತ್ತದೆಂದು ವಾದಿಸಿದ. ಬೇರೆ ವಿದೇಶಿ ಭಾಷೆಗಳ ಸಮಕ್ಕೆ ಇಟಾಲಿಯನ್ನಿಗೂ ನ್ಯೂಯಾರ್ಕಿನ ಹೈಸ್ಕೂಲುಗಳಲ್ಲಿ ಮಾನ್ಯತೆ ಸಿಗುವಂತೆ ಹೋರಾಡಿದ. 1934ರಲ್ಲಿ ಪೂರ್ವ ಹಾರ್ಲೆಮಿನಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ಹೈಸ್ಕೂಲು ಶುರುವಾದಾಗ ಅದರ ಮುಖ್ಯೋಪಾಧ್ಯಾಯನಾಗಿ ಕೇರಿಯನ್ನೇ ಶಾಲೆಯೊಳಗೆ ತಂದ. ಮೂರನೆಯದು, ಸರ್ಕಾರದ ಹಣ. ಯುದ್ಧದಿಂದ ಮರಳಿದ ಸೈನಿಕರಿಗೆ 1944ರ ಜಿಐ ಕಾಯ್ದೆ ಕಾಲೇಜು ಶುಲ್ಕವನ್ನೂ ಗೃಹಸಾಲದ ಖಾತರಿಯನ್ನೂ ಕೊಟ್ಟಿತು. ಕೂಲಿಕಾರರ ಮಕ್ಕಳು ಪದವೀಧರರೂ ಹೊಸ ಬಡಾವಣೆಗಳಲ್ಲಿ ಮನೆಯೊಡೆಯರೂ ಆದದ್ದು ಹೀಗೆ. ಸರ್ಕಾರದ ಮುಂದೆ ಕೈಯೊಡ್ಡಲಿಲ್ಲ ಎಂಬ ಹೆಮ್ಮೆಯ ಮಾತು ಈ ಒಂದು ಕಾಯ್ದೆಯ ಮುಂದೆಯೇ ಬಿದ್ದುಹೋಗುತ್ತದೆ. ಸರ್ಕಾರ ಕೊಟ್ಟಿತು, ಅವರು ಪಡೆದರು, ಪಡೆದದ್ದರಲ್ಲಿ ತಪ್ಪೇನೂ ಇಲ್ಲ.

ಈ ನೆರವು ಎಲ್ಲರಿಗೂ ಸಿಗಲಿಲ್ಲ ಎಂಬ ಕಹಿಯನ್ನೂ ಹೇಳದೆ ಮುಂದೆ ಹೋಗಲಾಗದು. 1930ರ ದಶಕದಲ್ಲಿ ಸರ್ಕಾರಿ ಗೃಹಸಾಲ ಸಂಸ್ಥೆಯ ನಕ್ಷೆಗಳು ಇಟಾಲಿಯನ್ ಕೇರಿಗಳಲ್ಲಿ ಅನೇಕವನ್ನು ಸಾಲ ಕೊಡಲು ಅಪಾಯವೆಂಬ ಬಣ್ಣದಲ್ಲಿ ಗುರುತಿಸಿದ್ದವು. ಯುದ್ಧದ ನಂತರ ಇಟಲಿಯವರಿಗೆ ಆ ಗೆರೆ ದಾಟಲು ಬಿಟ್ಟರು, ಕಪ್ಪು ಜನರಿಗೆ ಬಿಡಲಿಲ್ಲ. 1947ರಲ್ಲಿ ಕಟ್ಟತೊಡಗಿದ ಲೆವಿಟ್‌ಟೌನಿನಂಥ ಬಡಾವಣೆಗಳಲ್ಲಿ ಬಿಳಿಯರಲ್ಲದವರಿಗೆ ಜಾಗವಿಲ್ಲ ಎಂದು ಕರಾರಿನಲ್ಲೇ ಬರೆದಿತ್ತು. ಹಿಂದೆ ಬೇರೆ ಜನಾಂಗವೆಂದು ಲೆಕ್ಕಕ್ಕೆ ಬಂದವರು ಈಗ ಬಿಳಿಯರ ಸಾಲಿಗೆ ಸೇರಿದರು. ಸೇರಿದವರಲ್ಲಿ ಕೆಲವರು ತಮಗಾದ ಅನ್ಯಾಯವನ್ನೇ ಇತರರಿಗೆ ಮಾಡಿದರು. 1989ರಲ್ಲಿ ಬ್ರೂಕ್ಲಿನ್ನಿನ ಬೆನ್ಸನ್‌ಹರ್ಸ್ಟ್‌ಗೆ ಹಳೆಯ ಕಾರು ನೋಡಲು ಬಂದ 16 ವರ್ಷದ ಕಪ್ಪು ಹುಡುಗ ಯೂಸುಫ್ ಹಾಕಿನ್ಸ್ ಅಲ್ಲಿನ ಹುಡುಗರ ಗುಂಪಿನ ಕೈಯಲ್ಲಿ ಗುಂಡೇಟಿನಿಂದ ಸತ್ತ. ಗುಂಪಿನಲ್ಲಿದ್ದವರಲ್ಲಿ ಹೆಚ್ಚಿನವರು ಇಟಾಲಿಯನ್ ಮೂಲದವರು. ಒಳ್ಳೆಯ ವಲಸಿಗ, ಕೆಟ್ಟ ವಲಸಿಗ ಎಂದು ಪಂಕ್ತಿಭೇದ ಮಾಡುವ ವಾದ ಮಕ್ಕಳ ತಲೆಯಲ್ಲಿ ಬಿತ್ತುವ ವಿಷ ಇದೇ.

ಎಲ್ಲಕ್ಕಿಂತ ಗಟ್ಟಿಯಾದ ಪುರಾವೆ ಒಂದೇ ಜನ ಬೇರೆ ಬೇರೆ ದೇಶಗಳಲ್ಲಿ ಪಡೆದ ಬೇರೆ ಬೇರೆ ಫಲ. ಬ್ಯೂನಸ್ ಐರಿಸಿನಲ್ಲಿ 1914ರ ಹೊತ್ತಿಗೆ ಐವರಲ್ಲೊಬ್ಬರು ಇಟಲಿಯಲ್ಲಿ ಹುಟ್ಟಿದವರು. 1858ರಲ್ಲೇ ಅವರ ಪರಸ್ಪರ ಸಹಾಯ ಸಂಘ ‘ಉನಿಯೊನೆ ಎ ಬೆನೆವೊಲೆಂಜಾ’, 1872ರಲ್ಲಿ ಅವರದೇ ಬ್ಯಾಂಕು ಅಲ್ಲಿ ಹುಟ್ಟಿದವು. ಕಾರ್ಖಾನೆ, ವ್ಯಾಪಾರ, ಪತ್ರಿಕೆ, ಕಾರ್ಮಿಕ ಚಳವಳಿ ಎಲ್ಲದರಲ್ಲೂ ಇಟಲಿಯವರು ಮುಂಚೂಣಿಗೆ ಬಂದರು. ಇತಿಹಾಸಕಾರ ಸ್ಯಾಮುಯೆಲ್ ಬೈಲಿ ಆ ನಗರವನ್ನೂ ನ್ಯೂಯಾರ್ಕನ್ನೂ ಹೋಲಿಸಿ 1999ರಲ್ಲಿ ಬರೆದ ಗ್ರಂಥದಲ್ಲಿ, ಬ್ಯೂನಸ್ ಐರಿಸಿನವರು ಬಹಳ ಬೇಗ ನೆಲೆಯೂರಿದ್ದನ್ನು ತೋರಿಸಿದ್ದಾರೆ. ಅಲ್ಲಿಗೆ ಹೋದವರಲ್ಲಿ ಕಸುಬು ಬಲ್ಲ ಉತ್ತರದವರು ಹೆಚ್ಚು ಎಂಬುದು ನಿಜ. ಆದರೆ ಅವರು ಹೋದ ಸಮಾಜದಲ್ಲಿ ಅವರಿಗೆ ಮೇಲಿನ ಮೆಟ್ಟಿಲುಗಳಲ್ಲೂ ಜಾಗ ಖಾಲಿಯಿತ್ತು ಎಂಬುದು ಅಷ್ಟೇ ನಿಜ. ಈಗ ಜರ್ಮನಿಯನ್ನು ನೋಡಿ. 1955ರ ಡಿಸೆಂಬರ್ 20ರಂದು ಪಶ್ಚಿಮ ಜರ್ಮನಿ ತನ್ನ ಮೊದಲ ‘ಅತಿಥಿ ಕಾರ್ಮಿಕ’ ಒಪ್ಪಂದ ಮಾಡಿಕೊಂಡದ್ದು ಇಟಲಿಯ ಜೊತೆ. 1962ರಿಂದ ವೋಲ್ಫ್ಸ್‌ಬರ್ಗಿನ ಫೋಕ್ಸ್‌ವ್ಯಾಗನ್ ಕಾರ್ಖಾನೆಗೆ ಬಂದವರನ್ನು ಊರಾಚೆಯ ಶೆಡ್ಡುಗಳಲ್ಲಿ ಇರಿಸಿದರು. ಇವರು ಯುರೋಪಿಯನ್ ಸಮುದಾಯದ ಪ್ರಜೆಗಳು, ಕ್ರೈಸ್ತರು, ಓಡಾಡಲು ಸ್ವಾತಂತ್ರ್ಯವಿದ್ದವರು. ಆದರೂ ದಶಕಗಳ ಕಾಲ ಅವರ ಮಕ್ಕಳು ಜರ್ಮನಿಯ ಶಾಲೆಗಳಲ್ಲಿ ಅತ್ಯಂತ ಹಿಂದುಳಿದವರ ಸಾಲಿನಲ್ಲಿದ್ದರು. ಹತ್ತನೇ ವಯಸ್ಸಿಗೇ ಮಕ್ಕಳನ್ನು ಬೇರೆ ಬೇರೆ ದರ್ಜೆಯ ಶಾಲೆಗಳಿಗೆ ವಿಂಗಡಿಸುವ ಪದ್ಧತಿ, ಇವರು ಇಂದಲ್ಲ ನಾಳೆ ಹೊರಡುವವರು ಎಂಬ ಸರ್ಕಾರದ ಭಾವನೆ, ಅಲ್ಲೇ ಹುಟ್ಟಿದರೂ ಪೌರತ್ವ ಕೊಡದ ಕಾನೂನು ಇದಕ್ಕೆ ಕಾರಣ. ಸ್ವಿಟ್ಜರ್ಲೆಂಡ್ ಇನ್ನೂ ಕಠಿಣ. ಅಲ್ಲಿ ಹಂಗಾಮಿ ಕೆಲಸಗಾರರು ಹೆಂಡತಿ ಮಕ್ಕಳನ್ನು ಕರೆತರುವಂತಿರಲಿಲ್ಲ. ಕದ್ದು ಕರೆತಂದ ಮಕ್ಕಳು ತಂದೆತಾಯಿ ಕೆಲಸದಿಂದ ಬರುವವರೆಗೆ ನಗುವಂತಿಲ್ಲ, ಅಳುವಂತಿಲ್ಲ, ಕಿಟಕಿಯ ಬಳಿ ಸುಳಿಯುವಂತಿಲ್ಲ. ನೆರೆಯವರಿಗೆ ಸದ್ದು ಕೇಳಿದರೆ ಪೊಲೀಸರು ಬರುತ್ತಿದ್ದರು. ವಿದೇಶಿಯರ ಸಂಖ್ಯೆಗೆ ಮಿತಿ ಹಾಕಿ 3 ಲಕ್ಷಕ್ಕೂ ಹೆಚ್ಚು ಜನರನ್ನು ಹೊರಹಾಕಬೇಕೆಂಬ ಶ್ವಾರ್ಟ್ಸೆನ್‌ಬಾಕ್ ಪ್ರಸ್ತಾವ 1970ರ ಜನಮತದಲ್ಲಿ ಬಿದ್ದುಹೋದರೂ ಅದರ ಪರ 46% ಮತ ಬಿದ್ದಿತ್ತು. ಅದೇ ಇಟಲಿ, ಅದೇ ಕುಟುಂಬ ಪ್ರೀತಿ, ಅದೇ ದುಡಿಮೆ. ಫಲ ಬೇರೆಯಾದದ್ದು ಆತಿಥೇಯ ದೇಶದ ಕಾನೂನು ಬೇರೆಯಾದದ್ದರಿಂದ.

ಕೆಲವರು ಇನ್ನೂ ಜಾಣತನದ ಆಕ್ಷೇಪ ತರುತ್ತಾರೆ. 1924ರಲ್ಲಿ ಬಾಗಿಲು ಮುಚ್ಚಿದ್ದೇ ಒಳ್ಳೆಯದಾಯಿತು, ಹೊಸಬರು ಬರುವುದು ನಿಂತದ್ದರಿಂದ ಇದ್ದವರು ಬೆರೆಯಲು ಬಿಡುವು ಸಿಕ್ಕಿತು ಎಂಬುದು ಅವರ ವಾದ. ಟೊರಾಂಟೊ ಈ ವಾದವನ್ನು ಸುಳ್ಳಾಗಿಸುತ್ತದೆ. ಯುದ್ಧದ ನಂತರ ಎರಡು ದಶಕಗಳ ಕಾಲ ಬಿಡುವಿಲ್ಲದೆ ಲಕ್ಷಗಟ್ಟಲೆ ಇಟಲಿಯವರು ಕೆನಡಾಕ್ಕೆ ಬಂದರು, ಅವರಲ್ಲಿ ಬಹಳಷ್ಟು ಜನ ಟೊರಾಂಟೊಕ್ಕೆ. ಅಲ್ಲಿ ಕೇರಿ ದೊಡ್ಡದಾಯಿತು, ಭಾಷೆ ಉಳಿಯಿತು, 1966ರಲ್ಲಿ ಜಾನಿ ಲೊಂಬಾರ್ಡಿ ಆರಂಭಿಸಿದ ಬಹುಭಾಷಾ ರೇಡಿಯೊ ಕೇಂದ್ರವೂ ಬಂತು. ಆದರೂ ಅವರ ಮಕ್ಕಳು ಮೇಲೇರಿದರು. ಏರಿದ್ದು ಹೇಗೆ? 1960ರ ಮಾರ್ಚ್ 17ರಂದು ಹಾಗ್ಸ್ ಹಾಲೋ ಎಂಬಲ್ಲಿ ನೀರಿನ ಕೊಳವೆಗೆ ನೆಲದಡಿ ಸುರಂಗ ಕೊರೆಯುತ್ತಿದ್ದ ಐವರು ಇಟಾಲಿಯನ್ ಕಾರ್ಮಿಕರು ಬೆಂಕಿ ಮತ್ತು ಹೊಗೆಯಲ್ಲಿ ಸಿಕ್ಕಿ ಸತ್ತರು. ಆ ವರ್ಷವೂ ಮರುವರ್ಷವೂ ಕಟ್ಟಡ ಕಾರ್ಮಿಕರು ಮುಷ್ಕರ ಹೂಡಿದರು, ಸರ್ಕಾರ ವಿಚಾರಣಾ ಆಯೋಗ ನೇಮಿಸಿತು, ಕಾರ್ಮಿಕ ಸುರಕ್ಷತೆಯ ಕಾನೂನುಗಳು ಬದಲಾದವು. ಬೇರೆಯವರು ಬರುವುದು ನಿಂತದ್ದರಿಂದ ಅವರ ಬದುಕು ಸುಧಾರಿಸಲಿಲ್ಲ, ಇದ್ದವರ ಜೀವಕ್ಕೂ ಕೂಲಿಗೂ ಕಾನೂನಿನ ರಕ್ಷಣೆ ಸಿಕ್ಕಿದ್ದರಿಂದ ಸುಧಾರಿಸಿತು.

ಕಾನೂನುಬದ್ಧವಾಗಿ ಬಂದರು ಎಂಬುದು ಇನ್ನೊಂದು ಮಾತು. 1921ಕ್ಕೆ ಮೊದಲು ಅಮೆರಿಕದಲ್ಲಿ ಯುರೋಪಿನವರಿಗೆ ಸಂಖ್ಯೆಯ ಮಿತಿಯೇ ಇರಲಿಲ್ಲ. ಹಡಗಿನ ಚೀಟಿ, ಕಣ್ಣು ಮೈ ತಪಾಸಣೆ, ಕೆಲವು ಪ್ರಶ್ನೆಗಳು, ಇಷ್ಟರಲ್ಲಿ ಎಲ್ಲಿಸ್ ದ್ವೀಪದ ವಿಧಿ ಮುಗಿಯುತ್ತಿತ್ತು. ಅಲ್ಲಿಂದ ಹಿಂದಕ್ಕೆ ಕಳುಹಿಸಿದವರು ನೂರಕ್ಕೆ ಇಬ್ಬರಷ್ಟೇ. ಮುರಿಯಲು ಸಂಖ್ಯೆಯ ಮಿತಿಯೇ ಇಲ್ಲದ ಕಾಲದಲ್ಲಿ ಕಾನೂನು ಪಾಲಿಸಿದ್ದನ್ನು ವಿಶೇಷ ಗುಣವೆನ್ನಲಾಗದು. ಕೋಟಾ ಬಂದ ಮೇಲೆ ಇಟಲಿಯವರಲ್ಲೂ ಹಲವರು ಹಡಗಿನಿಂದ ತಪ್ಪಿಸಿಕೊಂಡು, ಕ್ಯೂಬಾದಿಂದ, ಕೆನಡಾದ ಗಡಿಯಿಂದ ನುಸುಳಿದರು. 1929ರಲ್ಲಿ ಅಮೆರಿಕದ ಸಂಸತ್ತು, 1921ಕ್ಕೆ ಮೊದಲೇ ಬಂದು ನೆಲೆಸಿ ದಾಖಲೆಯಿಲ್ಲದವರು 20 ಡಾಲರ್ ಕಟ್ಟಿ ಸಕ್ರಮವಾಗಲು ಕಾಯ್ದೆ ಮಾಡಿತು. ಅದರ ಲಾಭ ಪಡೆದವರಲ್ಲಿ ಬಹುಪಾಲು ಯುರೋಪಿನವರು. ಇನ್ನು ಅಪರಾಧದ ಮಾತು. ಕೇರಿಯ ‘ಕಪ್ಪು ಕೈ’ ಸುಲಿಗೆ ಗುಂಪುಗಳು ನಿಜ, ಅವುಗಳಿಗೆ ಬಲಿಯಾದವರೂ ಕೇರಿಯವರೇ ಎಂಬುದೂ ನಿಜ. ಅವನ್ನು ಮಟ್ಟಹಾಕಲು ಹೋಗಿ 1909ರಲ್ಲಿ ಪಲೆರ್ಮೊದಲ್ಲಿ ಪ್ರಾಣ ಕೊಟ್ಟ ನ್ಯೂಯಾರ್ಕ್ ಪೊಲೀಸ್ ಅಧಿಕಾರಿ ಜೋಸೆಫ್ ಪೆಟ್ರೊಸಿನೊ ಕೂಡ ಇಟಲಿಯವನೇ. ಆತನ ಹೆಸರು ಎಷ್ಟು ಜನರಿಗೆ ಗೊತ್ತು? ಸಿನಿಮಾದ ಮಾಫಿಯಾ ದೊರೆಗಳ ಹೆಸರು ಮಾತ್ರ ಎಲ್ಲರಿಗೂ ಗೊತ್ತು. ಕೆಲವರ ಪಾಪವನ್ನು ಎಲ್ಲರ ತಲೆಗೆ ಕಟ್ಟುವ ಅಭ್ಯಾಸ ಅಂದೂ ತಪ್ಪಾಗಿತ್ತು, ಇಂದೂ ತಪ್ಪು.

ಆ ಕೇರಿಗಳು ತಾವಾಗಿ ಕರಗಿದವು ಎಂಬುದೂ ಪೂರ್ತಿ ಸತ್ಯವಲ್ಲ. ಬಾಸ್ಟನ್ನಿನ ವೆಸ್ಟ್ ಎಂಡನ್ನು ಕೊಳೆಗೇರಿಯೆಂದು ಘೋಷಿಸಿ, 1958ರಿಂದ ಬುಲ್ಡೋಜರ್ ಹರಿಸಿ, ಸುಮಾರು 2,700 ಕುಟುಂಬಗಳನ್ನು ಒಕ್ಕಲೆಬ್ಬಿಸಿದರು. ಕೆಡವುವ ಮುನ್ನ ಅಲ್ಲೇ ವಾಸವಿದ್ದು ಅಧ್ಯಯನ ಮಾಡಿದ ಹರ್ಬರ್ಟ್ ಗ್ಯಾನ್ಸ್ ಆ ಕೇರಿಯ ನೆಂಟಸ್ತಿಕೆ, ಒಡನಾಟಗಳನ್ನು 1962ರ ತಮ್ಮ ಪುಸ್ತಕದಲ್ಲಿ ದಾಖಲಿಸಿದ್ದಾರೆ. ಪಕ್ಕದ ನಾರ್ತ್ ಎಂಡಿಗೆ ಬ್ಯಾಂಕುಗಳು ಸಾಲ ಕೊಡಲಿಲ್ಲ; ಅಲ್ಲಿನ ಜನ ಉಳಿತಾಯದ ಹಣದಲ್ಲಿ, ಒಬ್ಬರ ಮನೆಯ ಕೆಲಸಕ್ಕೆ ಇನ್ನೊಬ್ಬರು ಮುಯ್ಯಾಳಾಗಿ ಬಂದು, ಮನೆಗಳನ್ನು ದುರಸ್ತಿ ಮಾಡಿಕೊಂಡರೆಂದು ಜೇನ್ ಜೇಕಬ್ಸ್ 1961ರಲ್ಲಿ ಬರೆದರು. ಅದೇ ನಾರ್ತ್ ಎಂಡಿಗೆ ಇಂದು ಪ್ರವಾಸಿಗರು ಮುಗಿಬೀಳುತ್ತಾರೆ. ಶಿಕಾಗೊದಲ್ಲಿ ವಿಶ್ವವಿದ್ಯಾಲಯಕ್ಕಾಗಿ ಇಟಾಲಿಯನ್ ಕೇರಿಯ ದೊಡ್ಡ ಭಾಗವನ್ನು ಕೆಡವುವಾಗ ಫ್ಲಾರೆನ್ಸ್ ಸ್ಕಾಲಾ ಎಂಬ ಮಹಿಳೆ ನೆರೆಹೊರೆಯವರನ್ನು ಕಟ್ಟಿಕೊಂಡು ಸುಪ್ರೀಂ ಕೋರ್ಟಿನವರೆಗೆ ಹೋರಾಡಿದರು, ಸೋತರು. ಮಲ್ಬರಿ ಸ್ಟ್ರೀಟಿನ ಸುತ್ತಲಿನ ಲಿಟ್ಲ್ ಇಟಲಿಯಲ್ಲಿ ಇಟಲಿಯಲ್ಲಿ ಹುಟ್ಟಿದ ಒಬ್ಬರೂ 2009ರ ಜನಗಣತಿ ಸಮೀಕ್ಷೆಗೆ ಸಿಗಲಿಲ್ಲ. ಬಡ ವಲಸಿಗರು ಬದುಕಿದ್ದಾಗ ಕೊಳೆಗೇರಿ, ಅವರು ಹೋದ ಮೇಲೆ ಪರಂಪರೆ ಎಂಬುದು ನಗರಗಳ ನಡೆ. ಒಳ್ಳೆಯ ವಲಸಿಗನ ಕತೆ ಹುಟ್ಟುವುದೂ ಆತ ಕಣ್ಣೆದುರಿನಿಂದ ಮರೆಯಾದ ಮೇಲೆಯೇ.

ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗರಿಗೆ ಈ ಚರ್ಚೆ ದೂರದ್ದಲ್ಲ. 1917ರಲ್ಲಿ ಇಟಲಿಯ ಅನಕ್ಷರಸ್ಥ ರೈತರನ್ನು ತಡೆಯಲು ಸಾಕ್ಷರತೆಯ ಪರೀಕ್ಷೆ ತಂದ ಕಾಯ್ದೆಯೇ ಭಾರತವೂ ಸೇರಿದಂತೆ ಏಷ್ಯಾದ ಬಹುಭಾಗಕ್ಕೆ ಬಾಗಿಲು ಹಾಕಿತು. 1923ರಲ್ಲಿ ಭಗತ್ ಸಿಂಗ್ ಥಿಂಡ್ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಭಾರತೀಯರು ಪೌರತ್ವಕ್ಕೆ ಅರ್ಹರಲ್ಲ ಎಂದಿತು. 1946ರಲ್ಲಿ ಬಾಗಿಲು ಸಡಿಲವಾದಾಗಲೂ ಭಾರತಕ್ಕೆ ಸಿಕ್ಕ ಕೋಟಾ ವರ್ಷಕ್ಕೆ 100. ದೇಶವಾರು ಹೀನಾಯ ಕೋಟಾಗಳನ್ನು ಕಿತ್ತೆಸೆದದ್ದು 1965ರ ಅಕ್ಟೋಬರ್ 3ರಂದು ಸಹಿಯಾದ ಕಾಯ್ದೆ. ಅದಕ್ಕಾಗಿ ವರ್ಷಗಟ್ಟಲೆ ಒತ್ತಾಯ ತಂದವರಲ್ಲಿ ಇಟಾಲಿಯನ್ ಅಮೆರಿಕನ್ನರ ಸಂಘಟನೆಗಳು ಪ್ರಮುಖವಾಗಿದ್ದವು. ಕರ್ನಾಟಕದ ವೈದ್ಯರು, ಎಂಜಿನಿಯರುಗಳು ಅಮೆರಿಕ ಸೇರಿ ಊರೂರಲ್ಲಿ ಕನ್ನಡ ಕೂಟ ಕಟ್ಟಿದ್ದು ಆ ಕಾಯ್ದೆಯ ನಂತರವೇ. ಆದ್ದರಿಂದ, ನಾವು ಶಿಸ್ತಿನ ವಲಸಿಗರು, ಬೇರೆಯವರ ಹಾಗಲ್ಲ ಎಂಬ ಮಾತು ನಮ್ಮವರ ಬಾಯಲ್ಲಿ ಬಂದಾಗ ಅದು ವಿಶೇಷವಾಗಿ ನೋಯಿಸುತ್ತದೆ. ನಾವು ದಾಟಿದ ಬಾಗಿಲನ್ನು ತೆರೆಸಿದವರಲ್ಲಿ, ಒಂದು ಕಾಲಕ್ಕೆ ಬೆರೆಯಲಾರದವರೆಂದು ಹೊರಗಿಟ್ಟಿದ್ದವರೂ ಇದ್ದಾರೆ.

ಆದ್ದರಿಂದ ಓದುಗರಲ್ಲಿ ನನ್ನ ವಿನಂತಿ ಇಷ್ಟೇ. ಹಿಂದಿನ ವಲಸಿಗರನ್ನು ತೋರಿಸಿ ಇಂದಿನವರನ್ನು ಹೀಗಳೆಯುವ ಮಾತು ಕೇಳಿದಾಗ ಗುಣದ ಚರ್ಚೆಗೆ ಇಳಿಯಬೇಡಿ. ವ್ಯವಸ್ಥೆಯ ಪ್ರಶ್ನೆ ಕೇಳಿ. ಅವರ ಮಕ್ಕಳಿಗೆ ಯಾವ ಶಾಲೆ ಸಿಕ್ಕಿತು, ಅವರ ಕೂಲಿಗೆ ಯಾವ ಸಂಘದ ಬಲವಿತ್ತು, ಅವರ ಮನೆಗೆ ಯಾವ ಬ್ಯಾಂಕು ಸಾಲ ಕೊಟ್ಟಿತು, ಅವರಿಗೆ ಪೌರತ್ವ ಎಷ್ಟು ವರ್ಷಕ್ಕೆ ದಕ್ಕಿತು ಎಂದು ಕೇಳಿ. ಇಟಲಿಯವರ ಬದುಕು ಹಸನಾದದ್ದು ಈ ಪ್ರಶ್ನೆಗಳಿಗೆ ಒಳ್ಳೆಯ ಉತ್ತರ ಸಿಕ್ಕ ನಗರಗಳಲ್ಲಿ. ಸಿಗದ ಕಡೆ ಅದೇ ಜನ ಮೂರನೆಯ ತಲೆಮಾರಿಗೂ ಹೊರಗಿನವರಾಗಿಯೇ ಉಳಿದರು. ಅವರ ಶ್ರಮಕ್ಕೆ ಗೌರವ ಸಲ್ಲಿಸಬೇಕೆಂದಿದ್ದರೆ, ಅವರಿಗೆ ತಡವಾಗಿ ಸಿಕ್ಕ ನ್ಯಾಯ ಇಂದು ಬಂದವರಿಗೆ ಬೇಗ ಸಿಗಲಿ ಎಂದು ಕೇಳುವುದೇ ಸರಿಯಾದ ದಾರಿ.